ಪಿಟಿಎಸ್‌ಡಿ ಒಬ್ಬರಿಗೆ, ಬದಲಾಗುವುದು ಮನೆಯೆಲ್ಲ

ದೊಡ್ಡ ಆಘಾತ ಕಂಡವರಿಗೆಲ್ಲ ಪಿಟಿಎಸ್‌ಡಿ (ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್, ಅಂದರೆ ಆಘಾತದ ಭಯ, ನೆನಪು ಇಳಿಯದೆ ಉಳಿದುಬಿಡುವ ಮಾನಸಿಕ ಕಾಯಿಲೆ) ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಲೆಕ್ಕ ನೋಡಿದರೆ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಜಗತ್ತಿನ ಶೇ 70ರಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಅಂಥ ಘಟನೆಗೆ ಸಿಕ್ಕಿಕೊಳ್ಳುತ್ತಾರೆ. ಅಪಘಾತ, ಹಲ್ಲೆ, ಅತ್ಯಾಚಾರ, ಯುದ್ಧ, ಭೂಕಂಪ, ಹತ್ತಿರದವರ ಹಠಾತ್ ಸಾವು, ಹೀಗೆ ಏನೋ ಒಂದು. ಅವರಲ್ಲಿ ಪಿಟಿಎಸ್‌ಡಿ ಆಗುವುದು ಸುಮಾರು ಶೇ 5.6 ಮಂದಿಗೆ. ಉಳಿದವರು ನೋಯುತ್ತಾರೆ, ನಿದ್ದೆಗೆಡುತ್ತಾರೆ, ಆದರೆ ಕಾಯಿಲೆಯ ತನಕ ಹೋಗುವುದಿಲ್ಲ.

ಹಾಗಿದ್ದರೆ ಕೆಲವರಲ್ಲಿ ಮಾತ್ರ ಭಯ ಯಾಕೆ ಇಳಿಯುವುದೇ ಇಲ್ಲ? ಘಟನೆ ಎಷ್ಟು ಭೀಕರವಾಗಿತ್ತು ಎಂಬುದು ಉತ್ತರದ ಒಂದು ಭಾಗ. ಯುದ್ಧ, ಸಂಘರ್ಷ ಕಂಡವರಲ್ಲಿ ಪ್ರಮಾಣ ಶೇ 15ರ ಆಸುಪಾಸಿಗೆ ಏರುತ್ತದೆ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಲ್ಲೂ ತುಂಬ ಜಾಸ್ತಿ. ಉತ್ತರದ ಇನ್ನೊಂದು ಭಾಗ ಇರುವುದು ಘಟನೆ ಮುಗಿದ ಮೇಲಿನ ದಿನಗಳಲ್ಲಿ. ನೆನಪಿನಿಂದ ತಪ್ಪಿಸಿಕೊಳ್ಳಲು ಮಾಡುವ ಪ್ರಯತ್ನವೇ ಈ ಕಾಯಿಲೆಯನ್ನು ಸಾಕುತ್ತದೆ. ಆ ಪ್ರಯತ್ನಕ್ಕೆ ಮನೆಯವರೂ ಕೈಜೋಡಿಸುತ್ತಾರೆ, ಅದೂ ಪ್ರೀತಿಯಿಂದಲೇ. ಇಷ್ಟನ್ನು ಅರ್ಥ ಮಾಡಿಕೊಳ್ಳದೆ ಬರೀ ಲಕ್ಷಣಗಳ ಪಟ್ಟಿ ಓದಿದರೆ ಏನೂ ಸಿಗುವುದಿಲ್ಲ.

ಮೊದಲ ಕೆಲವು ವಾರ ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಅದೇ ದೃಶ್ಯ ಕಣ್ಣ ಮುಂದೆ ಬರುವುದು, ಸುಮ್ನೆ ಕೂತಲ್ಲೇ ಅಳು ಬರುವುದು ಎಲ್ಲ ಸಹಜ. ಹೆಚ್ಚಿನವರಲ್ಲಿ ಅದು ತಾನಾಗಿ ತಗ್ಗುತ್ತದೆ. ಅದಕ್ಕೇ ಒಂದು ತಿಂಗಳು ದಾಟುವ ತನಕ ವೈದ್ಯರು ಪಿಟಿಎಸ್‌ಡಿ ಎಂಬ ಹೆಸರು ಕೊಡುವುದಿಲ್ಲ. ಇನ್ನು ಕೆಲವರಲ್ಲಿ ಪೂರ್ತಿ ಕಾಯಿಲೆ ಆರು ತಿಂಗಳು ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಆಗ ಇದಕ್ಕೂ ಹಳೆಯ ಘಟನೆಗೂ ನಂಟಿದೆ ಎಂದು ಮನೆಯವರಿಗೆ ಹೊಳೆಯುವುದೇ ಕಷ್ಟ.

ಇಲ್ಲೇ ಒಂದು ಮಾತು. ಈಗ ಆಫೀಸಿನಲ್ಲಿ ಬೈಸಿಕೊಂಡರೂ, ಪ್ರೀತಿ ಮುರಿದರೂ ಪಿಟಿಎಸ್‌ಡಿ ಆಗಿದೆ ಎನ್ನುವವರಿದ್ದಾರೆ. ಅವರ ನೋವು ಸುಳ್ಳಲ್ಲ. ಆದರೆ ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ ಪ್ರಕಾರ ಈ ಕಾಯಿಲೆಯ ಹಿಂದೆ ಸಾವು, ಸಾವಿನ ಬೆದರಿಕೆ, ಗಂಭೀರ ಗಾಯ ಅಥವಾ ಲೈಂಗಿಕ ಹಿಂಸೆ ಇರಬೇಕು. ಅದನ್ನು ತಾನೇ ಅನುಭವಿಸಿರಬಹುದು, ಕಣ್ಣಾರೆ ಕಂಡಿರಬಹುದು, ತೀರಾ ಹತ್ತಿರದವರಿಗೆ ಹಾಗಾಯಿತೆಂದು ಕೇಳಿರಬಹುದು. ಶವ ಎತ್ತುವ, ಅಪರಾಧದ ಸಾಕ್ಷ್ಯ ಪರಿಶೀಲಿಸುವ ಕೆಲಸದಲ್ಲಿ ದಿನವೂ ಅದನ್ನೇ ಎದುರಿಸುವವರೂ ಇದರಲ್ಲಿ ಬರುತ್ತಾರೆ.

ರಸ್ತೆ ಅಪಘಾತದಲ್ಲಿ ಬದುಕುಳಿದ ಒಬ್ಬರನ್ನು ಊಹಿಸಿಕೊಳ್ಳಿ. ಬ್ರೇಕ್ ಕಿರುಗುಟ್ಟಿದ ಸದ್ದು ಕೇಳಿದ ಕೂಡಲೇ ಅವರಿಗೆ ಅಪಘಾತ ಈಗಲೇ ಆಗುತ್ತಿದೆ ಅನ್ನಿಸುತ್ತದೆ. ಬರೀ ನೆನಪಾಗುವುದಲ್ಲ, ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ, ಪೆಟ್ರೋಲ್ ವಾಸನೆ ಕೂಡ ಬಂದಂತಾಗುತ್ತದೆ. ರಾತ್ರಿ ಅದೇ ಕನಸು. ಆಮೇಲೆ ಅವರು ಆ ರಸ್ತೆ ಬಿಡುತ್ತಾರೆ. ನಂತರ ಕಾರು ಓಡಿಸುವುದನ್ನೇ ಬಿಡುತ್ತಾರೆ. ಅಪಘಾತದ ಮಾತು ಬಂದರೆ ಎದ್ದು ಹೋಗುತ್ತಾರೆ. ಜೊತೆಗೆ ದೇಹ ಸದಾ ಕಾವಲು ಕಾಯುತ್ತಿರುತ್ತದೆ. ಬಾಗಿಲಿಗೆ ಬೆನ್ನು ಕೊಟ್ಟು ಕೂರಲಾಗದು, ಗಮನ ನಿಲ್ಲದು, ಸಣ್ಣದಕ್ಕೂ ಸಿಡುಕು. ಹಗ್ಗ ಕಂಡರೂ ಹಾವೆಂದು ಬೆಚ್ಚುವ ಸ್ಥಿತಿ.

ಇವೆಲ್ಲ ಹೊರಗೆ ಕಾಣುವಂಥವು. ಕಾಣದ ಇನ್ನೊಂದು ಗುಂಪಿದೆ. 'ನಾನು ಸ್ವಲ್ಪ ನಿಧಾನ ಹೋಗಿದ್ದರೆ ಅವನು ಬದುಕುತ್ತಿದ್ದ' ಎಂಬ ಅಪರಾಧಿ ಭಾವ. 'ಯಾರನ್ನೂ ನಂಬುವ ಹಾಗಿಲ್ಲ' ಎಂಬ ತೀರ್ಮಾನ. ಮಗು ಓಡಿ ಬಂದು ತಬ್ಬಿಕೊಂಡರೂ ಒಳಗೆ ಏನೂ ಆಗದಿರುವುದು. 2013ರ ಡಿಎಸ್‌ಎಂ-5 ಈ ಗುಂಪನ್ನು ಪ್ರತ್ಯೇಕವಾಗಿ ಗುರುತಿಸಿತು. ಒಳ್ಳೆಯದೇ ಆಯಿತು. ಯಾಕೆಂದರೆ ಮನೆಯವರನ್ನು ಕನಸು, ಬೆಚ್ಚುವಿಕೆಗಳಿಗಿಂತ ಜಾಸ್ತಿ ನೋಯಿಸುವುದು ಇದೇ.

ಈ ಕಾಯಿಲೆಗೆ ಇಂದಿನ ಹೆಸರು ಸಿಕ್ಕಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಒತ್ತಾಯದ ನಂತರ. ಕಾಯಿಲೆ ಮಾತ್ರ ಹಳೆಯದು. 1865ರ ಜೂನ್ 9ರಂದು ಇಂಗ್ಲೆಂಡಿನ ಸ್ಟೇಪಲ್‌ಹರ್ಸ್ಟ್ ಬಳಿ ರೈಲೊಂದು ಹಳಿ ತಪ್ಪಿ ಹತ್ತು ಜನ ಸತ್ತರು. ಅದರಲ್ಲಿದ್ದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ಗೆ ಹೇಳಿಕೊಳ್ಳುವಂಥ ಗಾಯವೇನೂ ಆಗಲಿಲ್ಲ. ಗಾಯಾಳುಗಳ ಆರೈಕೆಯನ್ನೂ ಮಾಡಿದರು. ಆದರೆ ವರ್ಷಗಳು ಕಳೆದ ಮೇಲೂ ಕುದುರೆ ಗಾಡಿಯಲ್ಲಿ ಹೋಗುವಾಗ ಕೂಡ ಇದ್ದಕ್ಕಿದ್ದಂತೆ ಭಯ ನುಗ್ಗಿ ಬರುತ್ತದೆ, ಅದಕ್ಕೆ ಅರ್ಥವಿಲ್ಲ ಎಂದು ಗೊತ್ತಿದ್ದರೂ ತಡೆಯಲಾಗುವುದಿಲ್ಲ ಎಂದು ಬರೆದುಕೊಂಡರು. ರೈಲು ಸ್ವಲ್ಪ ಕುಲುಕಿದರೂ ಅಪ್ಪ ಎರಡೂ ಕೈಯಿಂದ ಸೀಟು ಹಿಡಿದುಕೊಳ್ಳುತ್ತಿದ್ದರು ಎಂದು ಮಗ ನೆನಪಿಸಿಕೊಂಡಿದ್ದಾರೆ. ಪಕ್ಕದಲ್ಲಿ ಕೂತು ಇದನ್ನು ನೋಡುವವರು ಆಗಲೂ ಇದ್ದರು.

ಡಿಕನ್ಸ್‌ಗೆ ಸಹಾನುಭೂತಿಯಾದರೂ ಸಿಕ್ಕಿತು. ಸೈನಿಕರಿಗೆ ಅದೂ ಇಲ್ಲ. ಮೊದಲ ಮಹಾಯುದ್ಧದಲ್ಲಿ ಇದನ್ನು ಶೆಲ್ ಶಾಕ್ ಎಂದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ ಅದರ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದೂ ಆಗಿತ್ತು. ಆದರೂ ಪಲಾಯನ, ಹೇಡಿತನದಂಥ ಆರೋಪ ಹೊರಿಸಿ ಬ್ರಿಟಿಷ್ ಸೇನೆ ತನ್ನದೇ ಮುನ್ನೂರಕ್ಕೂ ಹೆಚ್ಚು ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಶೆಲ್ ಶಾಕ್ ಆದವರೂ ಇದ್ದರು ಎಂದು ಈಗ ಒಪ್ಪಿಕೊಳ್ಳಲಾಗಿದೆ. ಅವರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ! ಗುಂಡಿಡುವ ಕಾಲ ಹೋಯಿತು, ಸರಿ. 'ಮನಸ್ಸು ಗಟ್ಟಿ ಮಾಡ್ಕೋ, ಎಲ್ಲರಿಗೂ ಆಗೋದೇ' ಎಂಬ ಮಾತಿನಲ್ಲಿ ಅದೇ ಹೇಡಿತನದ ಆರೋಪ ಇನ್ನೂ ಇದೆ.

ಮೆದುಳಿನಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ ಸಾಕಷ್ಟು ಓದಲು ಸಿಗುತ್ತದೆ, ಹಾಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಅಪಾಯ ಗುರುತಿಸುವ ಅಮಿಗ್ಡಲಾ ಅತಿಯಾಗಿ ಕೆಲಸ ಮಾಡುತ್ತದೆ. 'ಸಮಾಧಾನ, ಈಗ ಏನೂ ಆಗುತ್ತಿಲ್ಲ' ಎಂದು ಅದನ್ನು ತಡೆಯಬೇಕಾದ ಮುಂಭಾಗದ ಮೆದುಳು ಹಿಂದೆ ಬೀಳುತ್ತದೆ. ನೆನಪಿಗೆ ಜಾಗ, ಸಮಯದ ಗುರುತು ಹಚ್ಚುವ ಹಿಪೊಕ್ಯಾಂಪಸ್ ಹಲವು ರೋಗಿಗಳಲ್ಲಿ ಸ್ವಲ್ಪ ಚಿಕ್ಕದಿರುತ್ತದೆ. ಆಘಾತವೇ ಅದನ್ನು ಕುಗ್ಗಿಸಿತೇ? 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಯುದ್ಧಕ್ಕೆ ಹೋಗಿ ಪಿಟಿಎಸ್‌ಡಿಗೆ ಒಳಗಾದವರನ್ನೂ, ಯುದ್ಧಕ್ಕೆ ಹೋಗದ ಅವರ ತದ್ರೂಪಿ ಅವಳಿಗಳನ್ನೂ ಹೋಲಿಸಿತು. ಮನೆಯಲ್ಲೇ ಉಳಿದ ಅವಳಿಯ ಹಿಪೊಕ್ಯಾಂಪಸ್ಸೂ ಚಿಕ್ಕದಿತ್ತು. ಅಂದರೆ ಕೆಲವರು ಹುಟ್ಟಿನಿಂದಲೇ ಇದಕ್ಕೆ ಹೆಚ್ಚು ತೆರೆದುಕೊಂಡಿರಬಹುದು. ಮನೋಬಲದ ಉಪದೇಶ ಮಾಡುವವರು ಇದನ್ನೊಮ್ಮೆ ಗಮನಿಸಬೇಕು.

ಇನ್ನು ತಪ್ಪಿಸಿಕೊಳ್ಳುವ ವಿಷಯಕ್ಕೆ ಬರೋಣ. ಭಯ ಹುಟ್ಟಿಸುವ ಜಾಗದಿಂದ ದೂರ ಸರಿದ ಕೂಡಲೇ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿ ನಿಜವಾದದ್ದೇ. ಅದೇ ತೊಂದರೆ. 'ದೂರ ಸರಿದೆ, ಬದುಕಿದೆ' ಎಂದು ಮೆದುಳು ಲೆಕ್ಕ ಬರೆದುಕೊಳ್ಳುತ್ತದೆ. ದೂರ ಸರಿಯದಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದನ್ನು ಕಲಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಮುಂದಿನ ಸಲ ಇನ್ನೂ ಬೇಗ, ಇನ್ನೂ ದೂರದಿಂದಲೇ ಸರಿಯಬೇಕಾಗುತ್ತದೆ. ಒಂದು ರಸ್ತೆಯಿಂದ ಶುರುವಾದದ್ದು ಎಲ್ಲ ರಸ್ತೆಗಳಿಗೆ, ಆಮೇಲೆ ಮನೆಯಿಂದ ಹೊರಗೆ ಹೋಗುವುದಕ್ಕೇ ಹಬ್ಬುತ್ತದೆ. ಒಳಗಿನ ನೆನಪಿಗೂ ಇದೇ ನಿಯಮ. ಯೋಚನೆಯನ್ನು ಎಷ್ಟು ಒತ್ತಿ ಹಿಡಿದರೆ ಅಷ್ಟು ಜೋರಾಗಿ ವಾಪಸ್ ಬರುತ್ತದೆ. ಅದನ್ನು ಒತ್ತಿಡಲು ಮದ್ಯ ತುಂಬ ಸುಲಭವಾಗಿ ಸಿಗುವ ದಾರಿ. ಪಿಟಿಎಸ್‌ಡಿ ಜೊತೆಗೆ ಖಿನ್ನತೆ ಮತ್ತು ಕುಡಿತ ಮತ್ತೆ ಮತ್ತೆ ಕಾಣಸಿಗುವುದಕ್ಕೆ ಇದೂ ಒಂದು ಕಾರಣ.

ಈಗ ಮನೆಯವರನ್ನು ನೋಡಿ. ಗಂಡ ಗದ್ದಲಕ್ಕೆ ಬೆಚ್ಚುತ್ತಾನೆ ಎಂದು ಹೆಂಡತಿ ಮಕ್ಕಳನ್ನು ಗದರಿಸಿ ಸುಮ್ಮನಿರಿಸುತ್ತಾಳೆ. ಜನ ಸೇರುವ ಕಡೆ ಅವನು ಬರುವುದಿಲ್ಲ, ಹಾಗಾಗಿ ಅವಳೂ ಹೋಗುವುದನ್ನು ಬಿಡುತ್ತಾಳೆ. ಯಾರಾದರೂ ಕೇಳಿದರೆ ಅವನಿಗೆ ಹುಷಾರಿಲ್ಲ ಅನ್ನುತ್ತಾಳೆ. ಟಿವಿಯಲ್ಲಿ ಏನು ಹಾಕಬೇಕು, ಯಾವ ಮಾತು ಎತ್ತಬಾರದು, ಯಾರನ್ನು ಮನೆಗೆ ಕರೆಯಬಾರದು ಎಂಬುದೆಲ್ಲ ಯಾರೂ ಹೇಳದೆಯೇ ನಿಯಮವಾಗುತ್ತದೆ. ಅವನು ಸಿಡುಕಿದರೆ ನುಂಗಿಕೊಳ್ಳುತ್ತಾಳೆ. ಕಾಯಿಲೆ ಹೆಂಡತಿಗಾದರೆ ಗಂಡನೂ ಹೀಗೇ ಹೊಂದಿಕೊಳ್ಳುತ್ತಾನೆ. ಈ ಹೊಂದಾಣಿಕೆಯನ್ನು ಅಳೆದು ನೋಡಿದ ಸಂಶೋಧಕರಿಗೆ ಕಂಡದ್ದೇನೆಂದರೆ, ಹೊಂದಾಣಿಕೆ ಹೆಚ್ಚಿದ್ದ ಕಡೆ ರೋಗಿಯ ಲಕ್ಷಣಗಳೂ ಹೆಚ್ಚಿದ್ದವು, ಸಂಗಾತಿಯ ಅತೃಪ್ತಿಯೂ ಹೆಚ್ಚಿತ್ತು. ಯಾವುದರಿಂದ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಎರಡೂ ಒಂದನ್ನೊಂದು ತಳ್ಳುತ್ತಿರಬೇಕು.

ಇದನ್ನು ಓದಿ ಮನೆಯವರದ್ದೇ ತಪ್ಪು ಎಂದುಕೊಂಡರೆ ಅದು ಅನ್ಯಾಯ. ಪ್ರೀತಿಸುವವರು ಬೇರೇನು ತಾನೇ ಮಾಡಿಯಾರು? ಕಣ್ಣೆದುರು ಒಬ್ಬರು ನಡುಗುತ್ತಿದ್ದರೆ ನಡುಕ ನಿಲ್ಲಿಸಲು ನೋಡುವುದು ಸಹಜ ತಾನೆ. ಅಲ್ಲದೆ, ಆಘಾತದ ನಂತರ ಜೊತೆಗೆ ನಿಲ್ಲುವವರು ಇಲ್ಲದಿರುವುದೇ ಪಿಟಿಎಸ್‌ಡಿಯ ದೊಡ್ಡ ಅಪಾಯ ಸೂಚನೆಗಳಲ್ಲಿ ಒಂದು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ಹೇಳುತ್ತವೆ. ಆಸರೆ ಬೇಕೇ ಬೇಕು. ಆದರೆ ಆಸರೆ ಯಾವಾಗ ಕಾಯಿಲೆಗೆ ಆಸರೆಯಾಗುತ್ತದೆ ಎಂದು ಒಳಗಿದ್ದವರಿಗೆ ಕಾಣುವುದಿಲ್ಲ. ಅದನ್ನು ಯಾರೂ ಹೇಳಿಕೊಡುವುದೂ ಇಲ್ಲ, ಯಾಕೆಂದರೆ ಚಿಕಿತ್ಸೆಯ ಕೋಣೆಯೊಳಗೆ ಸಾಮಾನ್ಯವಾಗಿ ಹೋಗುವುದು ರೋಗಿ ಒಬ್ಬರೇ.

ಮನೆಯವರು ಹೆಚ್ಚಾಗಿ ಕೋಪದ ಬಗ್ಗೆ ದೂರುತ್ತಾರೆ. ಕೇಳಿಸಿಕೊಳ್ಳುತ್ತಾ ಹೋದರೆ ಅದರ ಕೆಳಗೆ ಇನ್ನೊಂದು ದೂರು ಇರುತ್ತದೆ. 'ಇಲ್ಲೇ ಇದ್ದಾರೆ, ಆದರೆ ಇಲ್ಲ.' ಸೈನಿಕರ ಕುಟುಂಬಗಳ ಮೇಲೆ ನಡೆದ ಅಧ್ಯಯನಗಳಲ್ಲಿ ದಾಂಪತ್ಯದ ಬಿರುಕಿಗೂ, ಮಕ್ಕಳ ಜೊತೆಗಿನ ಸಂಬಂಧ ಹದಗೆಡುವುದಕ್ಕೂ ಭಾವ ಮರಗಟ್ಟುವಿಕೆಯ ನಂಟು ವಿಶೇಷವಾಗಿ ಗಟ್ಟಿ ಎಂದು ಕಂಡುಬಂದಿದೆ. ಕೋಪ ಬಂದರೆ ಜಗಳವಾದರೂ ಆಡಬಹುದು. ಏನೂ ಅನ್ನಿಸದ ಮುಖದ ಜೊತೆ ಜಗಳ ಆಡುವುದು ಹೇಗೆ? ಸಂಗಾತಿ ಅದನ್ನು ಪ್ರೀತಿ ಮುಗಿಯಿತು ಎಂದು ಓದಿಕೊಳ್ಳುತ್ತಾರೆ. ಮಗು ತನ್ನದೇ ತಪ್ಪಿರಬೇಕು ಎಂದು ಓದಿಕೊಳ್ಳುತ್ತದೆ.

ಮಕ್ಕಳಿಗೆ ಏನೂ ಗೊತ್ತಾಗುವುದಿಲ್ಲ ಎಂಬ ಭ್ರಮೆ ದೊಡ್ಡವರದ್ದು. ಏನಾಯಿತು ಎಂದು ಹೇಳದಿದ್ದರೆ ಮಗು ತಾನೇ ಒಂದು ಕಥೆ ಕಟ್ಟಿಕೊಳ್ಳುತ್ತದೆ, ಅದರಲ್ಲಿ ತಪ್ಪಿತಸ್ಥ ಪಾತ್ರ ಬಹುತೇಕ ತನ್ನದೇ. ಕೆಲವು ಮಕ್ಕಳು ಮನೆಯ ಹವಾಮಾನ ನೋಡಿಕೊಂಡು ಅಮ್ಮನನ್ನೋ ಅಪ್ಪನನ್ನೋ ಸಂಭಾಳಿಸುವ ಪುಟ್ಟ ದೊಡ್ಡವರಾಗುತ್ತಾರೆ. ಎಷ್ಟು ಜಾಣ ಮಗು ಎಂದು ನೆಂಟರು ಹೊಗಳುತ್ತಾರೆ ಬೇರೆ. ಯೂರೋಪಿನ ಯಹೂದಿ ನರಮೇಧದಿಂದ ಬದುಕುಳಿದವರ ಕುಟುಂಬಗಳನ್ನು ಅಧ್ಯಯನ ಮಾಡಿದ ಯಾಯೆಲ್ ಡ್ಯಾನಿಯೆಲಿ, ತಂದೆತಾಯಿ ಏನೂ ಹೇಳದ, ಮಕ್ಕಳು ಏನೂ ಕೇಳದ ಮೌನ ಆ ಮನೆಗಳಲ್ಲಿ ಹೇಗೆ ಬೇರೂರಿತ್ತು ಎಂದು ವಿವರಿಸಿದ್ದಾರೆ. ಪರಸ್ಪರ ಕಾಪಾಡಲು ಶುರುವಾದ ಮೌನ ಅದು. ಹಾಗೆಂದು ಮಕ್ಕಳ ಮುಂದೆ ಎಲ್ಲ ವಿವರ ಸುರಿಯಬೇಕಾಗಿಲ್ಲ. 'ಅಪ್ಪನಿಗೆ ಒಂದು ಕೆಟ್ಟ ಅನುಭವ ಆಗಿತ್ತು, ಅದರಿಂದ ಬೇಗ ಬೆಚ್ಚುತ್ತಾರೆ, ಅದಕ್ಕೆ ನೀನು ಕಾರಣ ಅಲ್ಲ, ಡಾಕ್ಟರ ಹತ್ತಿರ ಹೋಗುತ್ತಿದ್ದಾರೆ' ಎಂಬಷ್ಟು ಸಾಕು. ಆಘಾತ ಮಗುವಿಗೇ ಆಗಿದ್ದರೆ ಲಕ್ಷಣಗಳೇ ಬೇರೆ. ಚಿಕ್ಕ ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ನಡೆದದ್ದನ್ನೇ ಆಟದಲ್ಲಿ ಮತ್ತೆ ಮತ್ತೆ ಆಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಗೊಂದಲ ಇರಬಾರದು. ಕಾಯಿಲೆ ಕೋಪವನ್ನು ವಿವರಿಸಬಹುದು, ಹೊಡೆತವನ್ನು ಒಪ್ಪಿಕೊಳ್ಳುವಂತೆ ಮಾಡುವುದಿಲ್ಲ. ಪಿಟಿಎಸ್‌ಡಿ ಇರುವ ಹೆಚ್ಚಿನವರು ಯಾರ ಮೇಲೂ ಕೈ ಮಾಡುವುದಿಲ್ಲ. ಕೈ ಮಾಡುವ ಮನೆಯಲ್ಲಿ ಮೊದಲು ಬೇಕಾದದ್ದು ಉಳಿದವರ ಸುರಕ್ಷತೆ. ಚಿಕಿತ್ಸೆ, ಅರ್ಥ ಮಾಡಿಕೊಳ್ಳುವುದು ಎಲ್ಲ ಆಮೇಲೆ. ಹಾಗೆಯೇ ಸಾಯುವ ಮಾತು ಬಂದರೆ ತಳ್ಳಿಹಾಕಬೇಡಿ. 'ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಆ ದಿನವೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಇಷ್ಟೆಲ್ಲ ಓದುವಾಗ ಕಣ್ಣ ಮುಂದೆ ಸೈನಿಕನೇ ಬರುತ್ತಿದ್ದರೆ ಆಶ್ಚರ್ಯವಿಲ್ಲ, ಸಂಶೋಧನೆಯೂ ಅಲ್ಲೇ ಹೆಚ್ಚು ನಡೆದಿದೆ. ಆದರೆ ಮಹಿಳೆಯರಲ್ಲಿ ಪಿಟಿಎಸ್‌ಡಿ ಪುರುಷರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಲೈಂಗಿಕ ಹಿಂಸೆ, ಮನೆಯೊಳಗಿನ ಹಿಂಸೆ ಅದಕ್ಕೆ ದೊಡ್ಡ ಕಾರಣಗಳು. ಜೀವಕ್ಕೆ ಕುತ್ತು ತಂದ ಹೆರಿಗೆ, ಐಸಿಯುನಲ್ಲಿ ವೆಂಟಿಲೇಟರ್ ಮೇಲೆ ಕಳೆದ ದಿನಗಳು, ಹೃದಯಾಘಾತ ಇವುಗಳ ನಂತರವೂ ಬರುತ್ತದೆ. ಇಂಥವರು ಸಿಕ್ಕಿಬೀಳುವುದು ವಿಚಿತ್ರ ಜಾಗದಲ್ಲಿ. ಬದುಕಿ ಬಂದಿದ್ದಾರೆ, ಮಗು ಚೆನ್ನಾಗಿದೆ, ಎಲ್ಲರೂ ಖುಷಿಯಲ್ಲಿದ್ದಾರೆ. ಆಸ್ಪತ್ರೆಯ ವಾಸನೆಗೆ ನಡುಗುತ್ತೇನೆ ಎಂದು ಯಾರಿಗೆ ಹೇಳುವುದು? ಹಾಗಾಗಿ ಮುಂದಿನ ತಪಾಸಣೆಗೇ ಹೋಗುವುದಿಲ್ಲ. ಮರೆತಿದ್ದಾರೆ, ಉದಾಸೀನ ಎಂದು ಮನೆಯವರು ರೇಗುತ್ತಾರೆ. ವರ್ಷಗಟ್ಟಲೆ ಹಿಂಸೆ ಅನುಭವಿಸಿದವರದ್ದು ಇನ್ನೊಂದು ಬಗೆ. ಭಯದ ಜೊತೆಗೆ ತನ್ನ ಬಗ್ಗೆಯೇ ಕೀಳು ಭಾವ, ಭಾವನೆಗಳ ಮೇಲೆ ಹಿಡಿತವಿಲ್ಲದಿರುವುದು, ಯಾರ ಜೊತೆಗೂ ಹತ್ತಿರವಾಗಲು ಆಗದಿರುವುದು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಇದನ್ನು ಕಾಂಪ್ಲೆಕ್ಸ್ ಪಿಟಿಎಸ್‌ಡಿ ಎಂದು ಪ್ರತ್ಯೇಕವಾಗಿ ಗುರುತಿಸಿದೆ.

ಚಿಕಿತ್ಸೆಯ ವಿಷಯದಲ್ಲಿ ಮೊದಲು ಏನು ಮಾಡಬಾರದು ಎಂದು ಹೇಳುತ್ತೇನೆ. ದುರಂತ ಆದ ಕೂಡಲೇ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿ ಒಂದು ಕಾಲದಲ್ಲಿ ಜೋರಾಗಿತ್ತು. ಅಂಥ ಒಂದೇ ಸಲದ ಡೀಬ್ರೀಫಿಂಗ್ ಪಿಟಿಎಸ್‌ಡಿ ತಡೆಯುವುದಿಲ್ಲ, ಕೆಲವರಿಗೆ ಕೆಡುಕನ್ನೂ ಮಾಡಬಹುದು ಎಂದು ಪ್ರಯೋಗಗಳು ತೋರಿಸಿದವು. ಮೊದಲ ದಿನಗಳಲ್ಲಿ ಬೇಕಾದದ್ದು ಸುರಕ್ಷಿತ ಜಾಗ, ನೀರು, ನಿದ್ದೆ, ತನ್ನವರ ಸಂಪರ್ಕ, ಹೇಳಬೇಕು ಅನ್ನಿಸಿದಾಗ ಕೇಳುವ ಕಿವಿ. ನಿದ್ದೆಗೆಂದು, ಗಾಬರಿಗೆಂದು ಬೆಂಜೊಡಯಜೆಪೀನ್ ಗುಂಪಿನ ಮಾತ್ರೆ ಕೊಡುವ ರೂಢಿಯೂ ಇದೆ. ಮೊದಲ ತಿಂಗಳ ಆಘಾತದ ಲಕ್ಷಣಗಳಿಗೆ ಅದನ್ನು ಕೊಡಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ಕಾಯಿಲೆ ನೆಲೆ ನಿಂತ ಮೇಲೆ ಕೆಲಸ ಮಾಡುವ ಚಿಕಿತ್ಸೆಗಳೆಲ್ಲ ಒಂದಲ್ಲ ಒಂದು ರೀತಿ ತಪ್ಪಿಸಿಕೊಳ್ಳುವುದನ್ನು ಬಿಡಿಸುತ್ತವೆ. ಎಡ್ನಾ ಫೋವಾ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಶರ್‌ನಲ್ಲಿ ಆ ನೆನಪನ್ನು ಸುರಕ್ಷಿತ ವಾತಾವರಣದಲ್ಲಿ ಮತ್ತೆ ಮತ್ತೆ ಹೇಳುತ್ತಾರೆ, ಬಿಟ್ಟುಬಿಟ್ಟ ಜಾಗಗಳಿಗೆ ಹಂತ ಹಂತವಾಗಿ ಮರಳುತ್ತಾರೆ. ಪೆಟ್ರಿಷಿಯಾ ರೆಸಿಕ್ ಅವರ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಸುಮಾರು 12 ಸೆಷನ್‌ಗಳದ್ದು. 'ನನ್ನದೇ ತಪ್ಪು' ಎಂಬಂಥ ತೀರ್ಮಾನಗಳನ್ನು ಅದು ಒಂದೊಂದಾಗಿ ಬಿಚ್ಚಿ ನೋಡುತ್ತದೆ. ಇಎಂಡಿಆರ್‌ನಲ್ಲಿ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡೇ ಚಿಕಿತ್ಸಕರ ಬೆರಳಿನ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸುತ್ತಾರೆ. ಅದರಿಂದ ಪ್ರಯೋಜನವಿದೆ, ಕಣ್ಣಿನ ಚಲನೆಗೆ ಅದರಲ್ಲಿ ಎಷ್ಟು ಪಾಲು ಎಂಬ ಬಗ್ಗೆ ವಾದ ನಿಂತಿಲ್ಲ. ಇವು ಸುಲಭದ ಚಿಕಿತ್ಸೆಗಳಲ್ಲ. ಮೊದಲ ವಾರಗಳಲ್ಲಿ ಲಕ್ಷಣ ಹೆಚ್ಚಾದಂತೆ ಕಾಣಬಹುದು, ಅರ್ಧಕ್ಕೇ ಬಿಡುವವರೂ ಸಾಕಷ್ಟಿದ್ದಾರೆ. ಬಿಟ್ಟುಬಿಡು, ಸುಮ್ನೆ ಯಾಕೆ ಕೆದಕುವುದು ಎಂದು ಮನೆಯವರು ಹೇಳುವುದೂ ಆಗಲೇ.

ಮಾತ್ರೆಗಳಲ್ಲಿ ಸರ್ಟ್ರಲಿನ್, ಪ್ಯಾರಾಕ್ಸೆಟಿನ್‌ಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಇದೆ. ಹಲವರಿಗೆ ಸಹಾಯವಾಗುತ್ತದೆ, ಪವಾಡ ಏನಿಲ್ಲ. ದುಃಸ್ವಪ್ನಕ್ಕೆ ಕೊಡುತ್ತಿದ್ದ ಪ್ರಾಜೊಸಿನ್ 2018ರ ದೊಡ್ಡ ಪ್ರಯೋಗದಲ್ಲಿ ಖಾಲಿ ಗುಳಿಗೆಗಿಂತ ಮೇಲು ಅನ್ನಿಸಲಿಲ್ಲ. ಎಕ್ಸ್‌ಟಸಿ ಎಂಬ ಹೆಸರಿನಲ್ಲಿ ಗೊತ್ತಿರುವ ಮಾದಕ ವಸ್ತು ಎಂಡಿಎಂಎಯನ್ನು ಚಿಕಿತ್ಸೆಗೆ ಬಳಸುವುದರ ಸುತ್ತ ಭಾರೀ ನಿರೀಕ್ಷೆ ಇತ್ತು. ಆಸ್ಟ್ರೇಲಿಯಾ 2023ರಲ್ಲಿ ಕಟ್ಟುನಿಟ್ಟಿನ ಷರತ್ತಿನೊಂದಿಗೆ ಒಪ್ಪಿತು, ಎಫ್‌ಡಿಎ 2024ರ ಆಗಸ್ಟಿನಲ್ಲಿ ಇನ್ನೂ ಪುರಾವೆ ಬೇಕು ಎಂದು ತಿರಸ್ಕರಿಸಿತು. ಪ್ರಯೋಗದಲ್ಲಿ ಯಾರಿಗೆ ಔಷಧ ಸಿಕ್ಕಿದೆ ಎಂದು ಅವರಿಗೇ ಗೊತ್ತಾಗಿಬಿಡುತ್ತದೆ ಎಂಬ ಆಕ್ಷೇಪ ನನಗಂತೂ ಸಣ್ಣದಾಗಿ ಕಾಣುವುದಿಲ್ಲ.

ಇಷ್ಟೆಲ್ಲದರ ನಡುವೆ ಸಂಗಾತಿಯನ್ನೂ ಒಳಗೆ ಕೂರಿಸುವ ಚಿಕಿತ್ಸೆಗೆ ಸಿಕ್ಕ ಗಮನ ಕಡಿಮೆ. ಕ್ಯಾಂಡಿಸ್ ಮಾನ್ಸನ್ ಮತ್ತು ಜೊತೆಗಾರರು 40 ಜೋಡಿಗಳ ಮೇಲೆ ಇದರ ಪ್ರಯೋಗ ಮಾಡಿ 2012ರಲ್ಲಿ ಪ್ರಕಟಿಸಿದರು. ಅದು 15 ಸೆಷನ್‌ಗಳ ಚಿಕಿತ್ಸೆ. ಕಾಯಿಲೆಯ ಲಕ್ಷಣಗಳು ತಗ್ಗಿದವು, ರೋಗಿಗಳಿಗೆ ತಮ್ಮ ಸಂಬಂಧದ ಬಗ್ಗೆ ತೃಪ್ತಿಯೂ ಹೆಚ್ಚಿತು. ಅಲ್ಲಿ ಇಬ್ಬರೂ ಸೇರಿ ತಾವು ಏನೇನು ಬಿಟ್ಟಿದ್ದೇವೆ ಎಂದು ಪಟ್ಟಿ ಮಾಡುತ್ತಾರೆ. ಊಟಕ್ಕೆ ಹೊರಗೆ ಹೋಗುವುದು, ಸ್ನೇಹಿತರನ್ನು ಕರೆಯುವುದು, ಒಂದೇ ಹಾಸಿಗೆಯಲ್ಲಿ ಮಲಗುವುದು. ನಂತರ ಅವನ್ನು ಒಂದೊಂದಾಗಿ, ಇಬ್ಬರ ಒಪ್ಪಿಗೆಯಿಂದ ಮರಳಿ ಶುರು ಮಾಡುತ್ತಾರೆ. ಒಂದೇ ದಿನ ಎಲ್ಲ ಹೊಂದಾಣಿಕೆಯನ್ನೂ ಕಿತ್ತುಹಾಕಿ 'ಇನ್ನು ನೀನೇ ನೋಡ್ಕೋ' ಎನ್ನುವುದಕ್ಕೂ ಇದಕ್ಕೂ ತುಂಬ ವ್ಯತ್ಯಾಸವಿದೆ.

ಆ ಪ್ರಯೋಗದ ಮಾಹಿತಿಯನ್ನು ಆಮೇಲೆ ಇನ್ನೊಮ್ಮೆ ವಿಶ್ಲೇಷಿಸಿದರು. ಚಿಕಿತ್ಸೆಗೆ ಮುಂಚೆ ಸಂಗಾತಿ ಕಾಯಿಲೆಗೆ ಅತಿ ಹೆಚ್ಚು ಹೊಂದಿಕೊಂಡಿದ್ದ ಜೋಡಿಗಳಿಗೇ ಇದರಿಂದ ಹೆಚ್ಚು ಲಾಭವಾಗಿತ್ತು. ರೋಗಿಯ ಜೊತೆ ಕಾರಿಡಾರಿನಲ್ಲಿ ಕಾದು ಕೂರುವವರನ್ನೂ ಒಳಗೆ ಕರೆದು 'ಮನೆಯಲ್ಲಿ ನೀವು ಏನೇನು ಬಿಟ್ಟಿದ್ದೀರಿ?' ಎಂದು ಕೇಳಲು ವೈದ್ಯರಿಗೆ ಹತ್ತು ನಿಮಿಷ ಸಾಕು. ಅವರು ಕೇಳದಿದ್ದರೆ ಮನೆಯವರೇ ಆ ಪಟ್ಟಿ ಬರೆದುಕೊಂಡು ಹೋಗಬಹುದು.